ಈರಪ್ಪಣ್ಣನ ಬಿಳಿ ಬಣ್ಣ

ಈರಪ್ಪಣ್ಣ ಯಾವ ಬಣ್ಣದ ಡಬ್ಬಿ ತೆರೆದರೂ ಮೊದಲು ಮೂಸುತ್ತಿದ್ದರು, ಆಮೇಲೆ ಬೈಯುತ್ತಿದ್ದರು. ಶನಿವಾರಸಂತೆಯಲ್ಲಿ ಅವರದು ರೇಡಿಯೋ ರಿಪೇರಿ ಅಂಗಡಿ. ಮದುವೆಮನೆಗಳ ಮೈಕಿಗೆ ಬೇಕಾದ ಆಂಪ್ಲಿಫೈಯರನ್ನು ತಾವೇ ಕಟ್ಟುತ್ತಿದ್ದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನನ್ನ ಬರಹ ದುಂಡಗಿದೆಯೆಂದು, ಆಂಪ್ಲಿಫೈಯರಿನ ಮುಂದಿನ ತಗಡಿಗೆ ಬೇಕಾದ ‘ದನಿ’, ‘ಮೈಕ್’ ಎಂಬ ಅಕ್ಷರಗಳನ್ನು ಕಾಗದದಲ್ಲಿ ಕೊರೆಯುವ ಕೆಲಸ ನನಗೆ ಅಂಟಿಸಿದ್ದರು. ಆ ಕಾಗದವನ್ನು ಚೌಕಟ್ಟಿಗೆ ಬಿಗಿದ ರೇಷ್ಮೆ ಬಟ್ಟೆಗೆ ಹಚ್ಚಿ, ಕೆಳಗೆ ತಗಡಿಟ್ಟು, ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಒಮ್ಮೆ ಎಳೆದರೆ ಅಚ್ಚು ಮೂಡುತ್ತಿತ್ತು.

“ಹೊಳಪು ಬ್ಯಾಡ ರೈಟ್ರೇ. ಲೈಟ್ ಬಿದ್ರೆ ಅಕ್ಷರನೇ ಕಾಣಕಿಲ್ಲ. ತಗಡು ಬಾಣ್ಲೆ ತಳದಂಗೆ ಕರ್ರಗಿರ್ಬೇಕು, ಬಿಳಿ ಎದ್ದು ಕೂರ್ಬೇಕು” ಎನ್ನುತ್ತಿದ್ದರು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವರಿಗೆ ಯಾವ ಬಿಳಿಯೂ ಸಾಲದಾಯಿತು. ಹಾಸನದಿಂದ ತರಿಸಿದ್ದು ಮಬ್ಬು, ಮೈಸೂರಿನದು ಕಲಬೆರಕೆ. ಅಕ್ಷರ ದೊಡ್ಡದು ಮಾಡಿ ಎಂದರು, ಇನ್ನೂ ದೊಡ್ಡದು ಎಂದರು. ಕೊನೆಗೆ ತಗಡಿನಲ್ಲಿ ಜಾಗ ಸಾಲದೆ ‘ದನಿ’ ಹೋಗಿ ಬರೀ ‘ದ’ ಉಳಿಯಿತು. ಬಣ್ಣದಲ್ಲಿ ದೋಷವಿರಲಿಲ್ಲ. ಅವರ ಹೆಂಡತಿ ಗೌರಕ್ಕ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದ್ದರು: “ಕಣ್ಣಿನ್ ನರ ಒಣ್ಗೋಗ್ಯದಂತೆ. ಡಾಕ್ಟ್ರು ಕೈಬಿಟ್ರು. ಕೆಲ್ಸನೂ ಬಿಟ್ರೆ ಈ ಮನ್ಸ ಬದ್ಕಕಿಲ್ಲ. ಏನ್ ಕೇಳುದ್ರೂ ಹೂಂ ಅಂತಿರಿ.”

ನಾನು ಹೂಂ ಅಂದೆ. ಅಲ್ಲಿಂದಾಚೆಗೆ ಅದೇ ನನ್ನ ಕಸುಬಾಯಿತು.

ಒಂದು ಸಂತೆಯ ದಿನ ಅವರು ಪಟ್ಟಿ ಎಳೆದು ಚೌಕಟ್ಟು ಎತ್ತಿದರು. ಹಿಂದಿನ ವಾರ ರೇಷ್ಮೆ ಬಟ್ಟೆ ತೊಳೆಯದೆ ಬಿಟ್ಟಿದ್ದರಿಂದ ಹಳೆಯ ಬಣ್ಣ ಅದರೊಳಗೇ ಗಟ್ಟಿಯಾಗಿ ಹೊಸ ಬಣ್ಣಕ್ಕೆ ದಾರಿ ಕಟ್ಟಿತ್ತು. ತಗಡಿನ ಮೇಲೆ ಒಂದು ಚುಕ್ಕೆಯೂ ಬಿದ್ದಿರಲಿಲ್ಲ.

“ಹೆಂಗದೆ?”

“ಹಾಲಿನಂಗದೆ ಈರಪ್ಪಣ್ಣ” ಎಂದೆ.

ಹಸಿ ಅಚ್ಚು ಮುಟ್ಟಿದವರನ್ನು ಅಂಗಡಿಯಿಂದಲೇ ಅಟ್ಟುತ್ತಿದ್ದ ಮನುಷ್ಯ, ಕೈ ಒರೆಸಿಕೊಂಡು ಬಂದು ತಗಡಿನ ಮೇಲೆ ಅಂಗೈ ಊರಿದರು. ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದರು. ಎಲ್ಲೂ ಬಣ್ಣ ಅಂಟಿರಲಿಲ್ಲ.

“ಬಣ್ಣದೋನೊಬ್ನೇ ಮೋಸ ಮಾಡ್ತಾವ್ನೆ ಅಂದ್ಕಂಡಿದ್ದೆ ರೈಟ್ರೇ” ಎಂದರು.

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಡಬ್ಬಿಗಳಿಗೆ ಬೈಯುತ್ತಿದ್ದಂತೆ ನನಗೂ ಬೈದಿದ್ದರೆ ಸಾಕಿತ್ತು. ಬೈಯಲಿಲ್ಲ.

ಮುಂದಿನ ಶನಿವಾರ ಹೋದಾಗ ಅಂಗಡಿಗೆ ಬೀಗ. ಗಂಡ ಹೆಂಡತಿ ತಿತಿಮತಿಯ ಕಡೆ, ಗೌರಕ್ಕನ ತಮ್ಮನ ಮನೆಗೆ ಹೋದರಂತೆ. ಆಮೇಲೆ ಅವರನ್ನು ನಾನು ನೋಡಲಿಲ್ಲ. ಹೋಗಿ ನೋಡುವ ಧೈರ್ಯ ನನಗಿರಲಿಲ್ಲ. ಪಕ್ಕದ ಅಂಗಡಿಯ ಟೈಲರ್ ಒಂದು ಪೊಟ್ಟಣ ಕೈಗಿತ್ತ. “ನಿಮಗೆ ಕೊಡಕ್ ಹೇಳಿದ್ರು” ಎಂದ.

ಬಿಚ್ಚಿದೆ. ಅದೇ ಕಪ್ಪು ತಗಡು. ಅದರ ಮೇಲೆ ಅವರ ಅಂಗೈಯ ಬೆವರಿನ ಗುರುತು ಮಾತ್ರ ಇತ್ತು.