ಒಂದೇ ಮಾನಪತ್ರ, ಇಬ್ಬರಿಗೆ

ಸಾಗರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಗೆ ಕಾಲಿಟ್ಟೊಡನೆ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ನಮ್ಮ ಕಚೇರಿಯ ಮಾನಪತ್ರಗಳ ಕಟ್ಟಿಗೂ ಇದೇ ವಾಸನೆ; ಸಾಹೇಬರು ನೆನಪಾದರು...

ಹೊಸನಗರದ ತಾಲ್ಲೂಕು ಕಚೇರಿಯಲ್ಲಿ ನಾನು ಟೈಪಿಸ್ಟ್, ಅವರು ತಹಶೀಲ್ದಾರರು. ಕವಿ ಕೂಡ. ಯಾರೇ ನಿವೃತ್ತರಾಗಲಿ, ವರ್ಗವಾಗಲಿ, ಶಾಲು ಹೊದಿಸಿ ಮಾನಪತ್ರ ಓದುವುದು ನಮ್ಮಲ್ಲಿ ಪದ್ಧತಿ. ಮೊದಲೆಲ್ಲ ಅದೇ ಸವಕಲು ಹೊಗಳಿಕೆ, ಹೆಸರು ಮಾತ್ರ ಬೇರೆ. ಇವರು ಬಂದ ಮೇಲೆ ಒಬ್ಬೊಬ್ಬರಿಗೂ ಅವರದ್ದೇ ಪದ್ಯ. ಹುಲಿಕಲ್ ಘಾಟಿಯಲ್ಲಿ ಜೀಪು ಓಡಿಸಿ ಸವೆದ ಡ್ರೈವರಣ್ಣ ನಿವೃತ್ತನಾದ ದಿನ ತನ್ನ ಪದ್ಯ ಕೇಳಿ ಕಣ್ಣೊರೆಸಿಕೊಂಡಿದ್ದ.

ಊಟದ ಡಬ್ಬಿ ಬಿಚ್ಚಿದಾಗ ಸಾಹೇಬರು ಹಳೆಯ ಜಪಾನಿನ ಅರಮನೆಯ ಒಬ್ಬ ಅಧಿಕಾರಿಯ ಕಥೆ ಹೇಳುತ್ತಿದ್ದರು. ದೊಡ್ಡ ವಿದ್ವಾಂಸ, ಕವಿ. ಆಗದವರು ಚಾಡಿ ಹೇಳಿ ದೂರದ ಸೀಮೆಗೆ ಅಟ್ಟಿಸಿದರಂತೆ. ಹೊರಡುವಾಗ ಅಂಗಳದ ಮರಕ್ಕೆ ಪದ್ಯ ಹೇಳಿ ಹೋದವನು ಆ ದೂರದ ಸೀಮೆಯಲ್ಲೇ ತೀರಿಕೊಂಡ. ಆಮೇಲೆ ಜನ ಗುಡಿ ಕಟ್ಟಿದರು. ಪರೀಕ್ಷೆ ಬಂದರೆ ಮಕ್ಕಳು ಈಗಲೂ ಅಲ್ಲಿ ಕೈಮುಗಿಯುತ್ತಾರಂತೆ.

"ನಂಗೆ ಗುಡಿ ಬೇಡ ಕಣಮ್ಮ, ಹೋಗುವಾಗ ಒಂದು ಮಾನಪತ್ರ ಓದಿ, ಸಾಕು" ಎಂದು ನಗುತ್ತಿದ್ದರು.

ಅದಕ್ಕೂ ಸಂಚಕಾರ ಬಂತು. ಊರಿನ ದೊಡ್ಡ ಮನುಷ್ಯರೊಬ್ಬರು ತಮ್ಮ ಸನ್ಮಾನಕ್ಕೆ ಪದ್ಯ ಬರೆದುಕೊಡಲು ಹೇಳಿಕಳಿಸಿದರು. "ಇಲ್ಲಿ ದುಡಿದವರಿಗೆ ಮಾತ್ರ ಬರೀತೀನಿ" ಎಂದುಬಿಟ್ಟರು ಸಾಹೇಬರು. ಸ್ವಲ್ಪ ದಿನಕ್ಕೇ ಬಯಲುಸೀಮೆಯ ಯಾವುದೋ ಮೂಲೆಗೆ ವರ್ಗ. ಬೀಳ್ಕೊಡುಗೆ ಮಾಡಿದರೆ ನಾವೂ ಆ ದೊಡ್ಡವರ ಕೆಂಗಣ್ಣಿಗೆ ಗುರಿಯಾಗುತ್ತೇವೆಂದು ಯಾರೂ ಸೊಲ್ಲೆತ್ತಲಿಲ್ಲ. ಸಾಹೇಬರು ಮೇಜು ಖಾಲಿ ಮಾಡಿ ಚೀಲ ಹೆಗಲಿಗೇರಿಸಿದರು.

ಆಗ ಬಂದ ನೋಡಿ ಡ್ರೈವರಣ್ಣ, ಮನೆಯ ಗೋಡೆಯಿಂದ ಇಳಿಸಿದ ತನ್ನ ಮಾನಪತ್ರವನ್ನು ಕಂಕುಳಲ್ಲಿಟ್ಟುಕೊಂಡು.

"ಹೊಸಾದು ಬರ್ಯಕ್ಕೆ ನಮ್ಗೆ ಬರಲ್ಲ. ಇದ್ನೇ ಓದಿ ಮೇಡಂ. ನನ್ ಹೆಸ್ರಿದ್ದಲ್ಲಿ ಸಾಹೇಬ್ರ ಹೆಸ್ರು ಹೇಳಿ."

ಓದಿದೆ. 'ಘಾಟಿಯ ತಿರುವಿನಲ್ಲೂ ಸ್ಟೇರಿಂಗ್ ಮೇಲೆ ಕೈ ನಡುಗದವರು' ಎಂಬಲ್ಲಿಗೆ ಬಂದಾಗ ಎಲ್ಲರೂ ಗೊಳ್ಳೆಂದರು. ಸಾಹೇಬರಿಗೆ ಸೈಕಲ್ಲೂ ಬರುತ್ತಿರಲಿಲ್ಲ. ನಗುತ್ತಲೇ ಒಬ್ಬೊಬ್ಬರಾಗಿ ಎದ್ದು ನಿಂತರು. ತಾವೇ ಬರೆದ ಪದ್ಯವನ್ನು ಸಾಹೇಬರು ತಲೆ ತಗ್ಗಿಸಿ ಕೇಳಿದರು... "ನನ್ನ ಹೆಸರು ಛಂದಸ್ಸಿಗೆ ಕೂರಲಿಲ್ಲ ಕಣಮ್ಮ" ಎಂದಷ್ಟೇ ಹೇಳಿ ಬಸ್ಸಿಗೆ ಹೊರಟರು.

ಅಂಥವರ ಕೈಕೆಳಗೆ ದುಡಿದೆ ಎನ್ನಲು ಇವತ್ತಿಗೂ ನನಗೆ ಎದೆಯುಬ್ಬುತ್ತದೆ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಸಾಹೇಬರು ಬಯಲುಸೀಮೆಯಿಂದ ಮರಳಲೇ ಇಲ್ಲ, ಅಲ್ಲೇ ತೀರಿಕೊಂಡರು. ಈಗ ಡ್ರೈವರಣ್ಣನೂ ಹೋದ. ಅವನ ಮಗಳು ಆ ಮಾನಪತ್ರವನ್ನು ನನ್ನ ಕೈಗಿಟ್ಟಳು; ಹೊಸ ಕಟ್ಟು ಹಾಕಿಸಲು ಈ ಅಂಗಡಿಗೆ ತಂದಿದ್ದೆ. ಒಡೆದ ಗಾಜು ತೆಗೆಯುತ್ತ ಅಂಗಡಿಯವನು, "ಇದು ನಿಮ್ಮನೆಯವ್ರದ್ದಾ?" ಎಂದ.

"ಅಲ್ಲ... ಇಬ್ರದ್ದು" ಎಂದೆ.

ಅವನು ಮತ್ತೊಮ್ಮೆ ಓದಿ ನೋಡಿದ. ಅಲ್ಲಿದ್ದದ್ದು ಒಂದೇ ಹೆಸರು.