ಗಂಡಾಂತರದ ಒಡತಿಯರು

ಬೈಂದೂರಿನ ಬಸ್ಸು ಹೆಮ್ಮಾಡಿ ದಾಟುವಷ್ಟರಲ್ಲಿ ಇವತ್ತು ಒಣಮೀನಿನ ವಾಸನೆ ಸೀಟಿನಿಂದ ಸೀಟಿಗೆ ಹಬ್ಬಿತು. ಮುಂದಿನ ಸೀಟಿನವರು ಮೂಗಿಗೆ ಕರವಸ್ತ್ರ ಹಿಡಿದರು. ಅವರ ಮನೆಯಲ್ಲಿ ಒಣಮೀನಿನ ಡಬ್ಬಿ ಇರಲಿಕ್ಕಿಲ್ಲ ಎಂದು ನಂಬುವಷ್ಟು ಮುಗ್ಧೆ ನಾನಲ್ಲ. ಕಂಡಕ್ಟರ್ ಒಂದು ಚೀಲವನ್ನು ಕಾಲಿನಿಂದ ತುಸು ಸರಿಸಿ, “ಹ್ವಾಯ್, ಇದ್ ಯಾರ್ದ್? ವಾಸ್ನಿ ಬತ್ತಿತ್ತ್” ಎಂದ.

“ನಂದ್. ವಾಸ್ನಿಗೂ ಟಿಕೇಟ್ ಮಾಡ್ಕಾ?” ಎಂದು ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು.

“ಇದು ಯಾರದ್ದು” ಎಂಬ ಪ್ರಶ್ನೆಗೆ ಇಷ್ಟು ಬೇಗ ಉತ್ತರ ಸಿಕ್ಕಿದ್ದನ್ನು ಕೇಳಿ ನನಗೆ ನಗು ಬಂತು. ಇದೇ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಎರಡು ವರ್ಷ ಕಳೆದಿದ್ದೇನೆ. ಬಸ್ಸು ಸಾವಕಾಶವಾಗಿ ಹೋಗುತ್ತಿದೆ, ನಿಮಗೂ ಪುರುಸೊತ್ತಿದ್ದರೆ ಹೇಳುತ್ತೇನೆ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ನಾನು ಹಾಯಾಗಿ ಇರಬಹುದಿತ್ತು. ಆದರೆ ನಾವುಂದದ ಹತ್ತಿರ, ಕಡಲ ಬದಿಯ ಒಂದು ಕೇರಿಯಲ್ಲಿ ಮೀನು ಒಣಗಿಸುವ ಹೆಂಗಸರದೊಂದು ಸಂಘವಿತ್ತು. ಮರಳಿನ ಮೇಲೆ ಹರವಿದ ಮೀನಿನಲ್ಲಿ ಕಾಗೆ, ನಾಯಿಗಳ ಪಾಲು ಹೋಗಿ ಉಳಿದದ್ದನ್ನು ವ್ಯಾಪಾರಿಗಳು ಹೇಳಿದ ರೇಟಿಗೆ ಕೊಟ್ಟು ಅವರು ಬದುಕುತ್ತಿದ್ದರು. ಡೆನ್ಮಾರ್ಕಿನ ಒಂದು ಸಂಸ್ಥೆ ಇವರ ಜೊತೆ ಸೇರಿ, ಪಾರದರ್ಶಕ ಹಾಳೆ ಹೊದಿಸಿದ ಬಿಸಿಲುಮನೆಯೊಂದನ್ನು ಕಟ್ಟಲು ಮುಂದೆ ಬಂತು. ಮೀನು ಅದರೊಳಗೆ ಶುಚಿಯಾಗಿ ಒಣಗುತ್ತದೆ. ಮಳೆಗಾಲದಲ್ಲಿ ದೋಣಿಗಳು ದಡ ಸೇರಿ ಹಸಿಮೀನು ಇಲ್ಲವಾದಾಗ ಒಳ್ಳೆಯ ಬೆಲೆಗೆ ಮಾರಬಹುದು. ಆದ್ದರಿಂದ ಮಳೆ ಹಿಡಿಯುವ ಮೊದಲು ಅದು ಎದ್ದು ನಿಲ್ಲಲೇಬೇಕಿತ್ತು. ಎರಡೂ ಕಡೆಯವರಿಗೆ ಮಾತು ದಾಟಿಸಲು ಇಂಗ್ಲಿಷ್ ಬರುವವರು ಬೇಕಾಗಿದ್ದರು. ಹಾಗೆ ನಾನು ಸಂಯೋಜಕಿಯಾದೆ.

ಮೊದಲ ಸಭೆ ಲ್ಯಾಪ್‌ಟಾಪಿನಲ್ಲಿ ನಡೆಯಿತು. ಆ ಕಡೆ ಯೋಜನೆಯ ಮುಖ್ಯಸ್ಥೆ ಇಂಗಾ. ನಮ್ಮವರು ಮೊದಲ ದಿನವೇ ಅವಳನ್ನು ಇಂಗಮ್ಮ ಮಾಡಿದರು. ಈ ಕೆಲಸದಲ್ಲಿ ಏನೇನು ಕೆಡಬಹುದು, ಎಲ್ಲವನ್ನೂ ಹೇಳಿ ಎಂದಳು ಅವಳು. ಶುಭಕಾರ್ಯಕ್ಕೆ ಕೂತಾಗ ಕೆಡುವ ಮಾತು ಆಡುವವರುಂಟೇ? ಕೊನೆಗೆ ನಾನೇ, ಮಳೆ ಬೇಗ ಬರಬಹುದು, ಗಾಳಿಗೆ ಹಾಳೆ ಹಾರಬಹುದು, ದುಡ್ಡು ತಡವಾಗಬಹುದು ಎಂದು ಶುರುಮಾಡಿದೆ. ಒಂದೊಂದಕ್ಕೂ ಹೆಂಗಸರೆಲ್ಲ ಸೇರಿ, “ಬಿಡ್ತ್ ಅನ್ನಿ ಟೀಚರೆ, ಬಿಡ್ತ್ ಅನ್ನಿ” ಎಂದರು. ನಾನೂ ಅಂದೆ.

ಅವರು ಏನು ಹೇಳುತ್ತಿದ್ದಾರೆ ಎಂದು ಇಂಗಮ್ಮ ಕೇಳಿದಳು. ಅಪಾಯವನ್ನು ತಡೆಯಲು ನಮ್ಮಲ್ಲಿ ಹೀಗೊಂದು ಮಾತಿದೆ ಎಂದೆ. ಅವಳು ತಲೆಯಾಡಿಸಿ ಬರೆದುಕೊಂಡಳು. ಆಮೇಲೆ ಬಂದ ಪಟ್ಟಿಯಲ್ಲಿ, ತಡೆಯುವ ಕ್ರಮ ಎಂಬ ಕಾಲಮಿನ ಉದ್ದಕ್ಕೂ “ಬಿಡ್ತು” ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು.

ಮುಂದಿನದು ನನ್ನ ಅನುವಾದದ ಪ್ರತಾಪ. ಪ್ರತಿ ಅಪಾಯಕ್ಕೂ ಅದನ್ನು ನೋಡಿಕೊಳ್ಳುವವರ ಹೆಸರು ಬೇಕು ಎಂದಳು ಇಂಗಮ್ಮ. ಅವಳು ಬಳಸಿದ ‘ರಿಸ್ಕ್ ಓನರ್’ ಎಂಬ ಪದವನ್ನು ನಾನು ಬಿಡದೆ ಕನ್ನಡಕ್ಕೆ ತಂದು, “ಈ ಗಂಡಾಂತರಕ್ಕೆ ಒಡತಿ ಯಾರು?” ಎಂದು ಕೇಳಿಬಿಟ್ಟೆ. ಇದು ಗಂಡನ ಸುದ್ದಿಯೋ ಎಂದು ಹಿಂದಿನಿಂದ ಯಾರೋ ವಿಚಾರಿಸಿದರು. ಅಲ್ಲವೆಂದು ತಿಳಿದ ಮೇಲೆ ಹಂಚಿಕೆ ಸಲೀಸಾಗಿ ನಡೆಯಿತು. ಎಲ್ಲರಿಗಿಂತ ಹಿರಿಯಳಾದ ಶೇಷಿಯಜ್ಜಿ ಮಳೆಯನ್ನು ತೆಗೆದುಕೊಂಡಳು. “ಕಾಕಿ ನಂಗಿರ್ಲಿ. ಬೇರೆಯರ್ ಮಾತ್ ಅವ್ ಕೇಂತಿಲ್ಲ” ಎಂದು ಗಿರಿಜೆ ಕಾಗೆಗಳನ್ನು ವಹಿಸಿಕೊಂಡಳು. ಚಾ ಕಾಯಿಸುತ್ತಿದ್ದ ಜಲಜಕ್ಕ ಲೋಟಗಳನ್ನು ಹಿಡಿದುಕೊಂಡು ಬರುವಾಗ ಒಂದೇ ಉಳಿದಿತ್ತು, ಡೆನ್ಮಾರ್ಕಿನ ದುಡ್ಡು ತಡವಾಗುವ ಗಂಡಾಂತರ.

“ಆಯ್ತ್. ನಾ ಕಾಂತೆ” ಎಂದು ಅದನ್ನು ನೋಡಿಕೊಳ್ಳಲು ಒಪ್ಪಿದಳು ಜಲಜಕ್ಕ, ಲೋಟ ಕೆಳಗಿಡುತ್ತಾ.

ಆ ಕಡೆಯ ಲೆಕ್ಕಪತ್ರ ನೋಡುತ್ತಿದ್ದವರು ಲಾರ್ಸ್. ಬಿಳಿ ಗಡ್ಡದ, ಎಂದೂ ಗಡಿಬಿಡಿ ಮಾಡದ ಮನುಷ್ಯ. ಯಾರು ಎಷ್ಟು ಹೊತ್ತು ದುಡಿದರು ಎಂದು ಅವರಿಗೆ ತಿಂಗಳು ತಿಂಗಳು ಬರೆದು ಕಳಿಸಬೇಕಿತ್ತು. ಮೀನು ಹರವುವುದು ಬೆಳಿಗ್ಗೆ, ಬಾಚುವುದು ಸಂಜೆ, ನಡುವೆ ಯಾರ ಕೆಲಸ ಎಂದು ಕೇಳಿದರೆ ಸಂಘದವರು ಬಿಸಿಲಿನದ್ದು ಎಂದರು. ನಾನು ತಮಾಷೆಗೆ ಹಾಗೆಯೇ ಬರೆದೆ. ಸಂಬಳವಿಲ್ಲದ ದುಡಿಮೆಯನ್ನು ಸ್ಥಳೀಯ ಕೊಡುಗೆಯಾಗಿ ತೋರಿಸಬಹುದು, ಆದರೆ ಸಂಬಂಧಪಟ್ಟವರ ಸಹಿ ಬೇಕು ಎಂದು ಲಾರ್ಸ್ ಉತ್ತರಿಸಿದರು. ಅವರೂ ತಮಾಷೆ ಮಾಡಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ತೆಪ್ಪಗೆ ಆ ಸಾಲನ್ನು ಅಳಿಸಿದೆ.

ಇತ್ತ ಗಿರಿಜೆ ತನ್ನ ಕಾಗೆಗಳಿಗೆ ಒಂದು ವ್ಯವಸ್ಥೆ ಮಾಡಿದ್ದಳು. ಮೀನು ಹರವುವ ಹೊತ್ತಿಗೆ ದೂರದ ಗಾಳಿಮರದ ಬುಡದಲ್ಲಿ ಅವಕ್ಕೆ ಅನ್ನ ಹಾಕುವಳು. ತಿಥಿಯ ದಿನ ಎಡೆ ಇಟ್ಟು ಕರೆದು ಕರೆದು ನಮ್ಮ ಗಂಟಲು ಕಟ್ಟಿದರೂ ಬಾರದ ಕಾಗೆಗಳು ಅವಳ ಒಂದು ಕೂಗಿಗೆ ಬಂದು ಸಾಲಾಗಿ ಕೂರುತ್ತಿದ್ದವು. ಮೊದಲ ಕಂತಿನ ದುಡ್ಡಿನಲ್ಲಿ ಎದ್ದಿದ್ದ, ಇನ್ನೂ ಹಾಳೆ ಹೊದಿಸದ ಬಿಸಿಲುಮನೆಯ ಅಸ್ಥಿಪಂಜರದೊಳಗಿನ ಮೀನು ಉಳಿಯಿತು. ಅಕ್ಕಿಯ ಖರ್ಚನ್ನು ಯಾವ ಬಾಬತ್ತಿಗೆ ಹಾಕುವುದೆಂದು ತೋಚದೆ ನಾನು “ಸಭೆಯ ಊಟ” ಎಂಬಲ್ಲಿ ಸೇರಿಸಿ, ಸುಳ್ಳು ಬೇಡವೆಂದು ಪಕ್ಕದಲ್ಲಿ “ಕಾಗೆಗಳಿಗೆ” ಎಂದು ಬರೆದೆ.

ಊಟಕ್ಕೆ ಹಾಜರಿದ್ದವರ ಪಟ್ಟಿ ಬಾರದೆ ಎರಡನೆಯ ಕಂತು ಬಿಡುಗಡೆಯಾಗದು ಎಂದು ಲಾರ್ಸ್ ಅವರ ಪತ್ರ ಬಂತು. ಹಾಳೆ ಮಂಗಳೂರಿನ ಗೋದಾಮಿನಲ್ಲಿತ್ತು. ದುಡ್ಡು ಕೊಡದೆ ಅದು ಬರುವ ಹಾಗಿರಲಿಲ್ಲ. ಮೇ ತಿಂಗಳು ಜಾರುತ್ತಿತ್ತು. ಮಳೆಗಾಲದ ವ್ಯಾಪಾರವನ್ನು ನಂಬಿ ಸಂಘದವರು ಬಂಗುಡೆ, ಸಿಗಡಿ ಕೊಂಡಿಟ್ಟಿದ್ದರು. ಕೆಲವರು ಅದಕ್ಕಾಗಿ ಕಿವಿಯದ್ದು ಅಡವಿಟ್ಟಿದ್ದರು. ಒಂದು ದೊಡ್ಡ ಮಳೆ ಬಂದರೆ ಅಷ್ಟೂ ಕೊಳೆತು ಗೊಬ್ಬರವಾಗುತ್ತಿತ್ತು. ನನಗೆ ನಿದ್ದೆ ಹಾರಿತು. ನಾಲ್ಕು ಪುಟದ ವಿವರಣೆ ಬರೆದೆ, ಹರಿದೆ.

“ಅವ್ರಿಗೆ ಫೋನ್ ಮಾಡಿ. ಇದ್ ನಂದಲ್ದಾ?” ಎಂದಳು ಜಲಜಕ್ಕ.

ಮಾರನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ, ಉಂಡು ಕೈತೊಳೆದು, ಅವಳು ನನ್ನ ಫೋನಿನ ಮುಂದೆ ಕೂತಳು. ಪರದೆಯಲ್ಲಿ ಲಾರ್ಸ್ ಮೂಡಿದ ಕೂಡಲೇ, “ಲಾರ್ಸಣ್ಣ, ಉಂಡಾಯ್ತಾ?” ಎಂದಳು. ನಾನು ಅನುವಾದಿಸಿದೆ. ಇನ್ನೂ ಇಲ್ಲ ಎಂದರು ಅವರು. ಅಲ್ಲಿ ಆಗ ಬೆಳಿಗ್ಗೆ ಒಂಬತ್ತು. ಜಲಜಕ್ಕನ ಮುಖ ಸಪ್ಪಗಾಯಿತು. ದುಡ್ಡಿನ ಮಾತು ನಾಳೆಗೆ ಹೋಯಿತು. ನಾಳೆಯೂ ಅದೇ ಹೊತ್ತು, ಅದೇ ಪ್ರಶ್ನೆ. ಲಾರ್ಸಣ್ಣ ಉಂಡಿರಲಿಲ್ಲ.

“ಹೀಂಗೆ ಉಪಾಸ ಕೂಕಂಡ್ರೆ ಮನ್ಷಂಗೆ ಲೆಕ್ಕ ತಲಿಗೆ ಹೋತ್ತಾ?” ಎಂದು ಅವಳು ನೊಂದುಕೊಂಡಳು.

ನಾನು ಟೀಚರ್ ಅಲ್ಲವೇ, ಒಂದು ಲಿಂಬೆಹಣ್ಣು ಮತ್ತು ಟಾರ್ಚು ತಂದು, ಭೂಮಿ ತಿರುಗುವುದನ್ನೂ ಡೆನ್ಮಾರ್ಕಿನಲ್ಲಿ ಸೂರ್ಯ ತಡವಾಗಿ ಏಳುವುದನ್ನೂ ತೋರಿಸಿದೆ. ಜಲಜಕ್ಕ ತಾಳ್ಮೆಯಿಂದ ನೋಡಿ, “ಹೌದ್ ಕಾಣಿ” ಎಂದು ಲಿಂಬೆಹಣ್ಣನ್ನು ಶರಬತ್ತಿಗೆ ತೆಗೆದುಕೊಂಡು ಹೋದಳು. ಮರುದಿನ ಮತ್ತೆ, ಉಂಡಾಯ್ತಾ?

ಅತ್ತ ಲಾರ್ಸಣ್ಣನಿಗೆ ಏನನ್ನಿಸಿತೋ. ಒಂದು ದಿನ ಬೆಳಗಿನ ಒಂಬತ್ತಕ್ಕೇ ತಮ್ಮ ಬುತ್ತಿ ಬಿಚ್ಚಿ, ಕಪ್ಪು ರೊಟ್ಟಿಯ ಮೇಲಿಟ್ಟ ಉಪ್ಪುಮೀನನ್ನು ಪರದೆಯ ಹತ್ತಿರ ಹಿಡಿದು ತೋರಿಸಿ ತಿಂದರು. ಜಲಜಕ್ಕ ಅವರು ಕೊನೆಯ ತುತ್ತು ನುಂಗುವವರೆಗೆ ಕಾದಳು. ಆಮೇಲೆ ಫೋನು ಹಿಡಿದು ಗಾಳಿಮರದ ಕಡೆ ನಡೆದಳು. ಗಿರಿಜೆ ಆ ದಿನ ಜಲಜಕ್ಕನ ಮಾತಿನಂತೆ ಕಾಗೆಗಳ ಊಟ ತಡಮಾಡಿದ್ದಳು. ಗಿರಿಜೆಯ ಒಂದು ಕೂಗಿಗೆ ಮರವೆಲ್ಲ ಕಪ್ಪಾಯಿತು.

“ಕಾಣಿ ಲಾರ್ಸಣ್ಣ, ಉಂಬುಕೆ ಬಂದರ್ ಇವ್ರೇ” ಎಂದಳು ಜಲಜಕ್ಕ.

ಲಾರ್ಸಣ್ಣ ಬಹಳ ಹೊತ್ತು ನೋಡಿದರು. ಇಷ್ಟೇನಾ ಎಂದು ಕೇಳಿದರು. “ಎರಡ್ ಬರ್ಲಿಲ್ಲ” ಎಂದಳು ಗಿರಿಜೆ. ನಾನು ಅದನ್ನೂ ಅನುವಾದಿಸಿದೆ. ಹಾಜರಾತಿಯನ್ನು ಕಣ್ಣಾರೆ ಪರಿಶೀಲಿಸಲಾಗಿದೆ, ಇಬ್ಬರು ಗೈರು ಎಂಬ ಒಕ್ಕಣೆಯೊಂದಿಗೆ ಕಂತು ಬಿಡುಗಡೆಯಾಯಿತು.

ಹಾಳೆ ಹೊತ್ತ ಟೆಂಪೊ ಬಂದ ದಿನ ಪಡುವಣ ಆಕಾಶ ಕಾಡಿಗೆಯಾಗಿತ್ತು. ಗಾಳಿಗೆ ಹಾಳೆ ಎದ್ದು, ಹಗ್ಗ ಹಿಡಿದ ಹೆಂಗಸರನ್ನು ಮರಳಿನ ಮೇಲೆ ಎಳೆದಾಡಿತು. ನನ್ನನ್ನೂ ಎಳೆಯಿತು, ನನ್ನ ಕನ್ನಡಕ ಇವತ್ತಿಗೂ ಸಿಕ್ಕಿಲ್ಲ. ಶೇಷಿಯಜ್ಜಿ ಮಾತ್ರ ಕೈ ಹಚ್ಚದೆ, ಸೊಂಟದ ಮೇಲೆ ಕೈಯಿಟ್ಟು ಕಡಲಿನ ಕಡೆ ದಿಟ್ಟಿಸುತ್ತಾ ನಿಂತಿದ್ದಳು. ಕೊನೆಯ ಗಂಟು ಬಿಗಿದು ಎಲ್ಲರೂ ಒಳಗೆ ನುಗ್ಗಿದ ಮೇಲೆ ಮಳೆ ದಬದಬನೆ ಬಿತ್ತು.

ಅಜ್ಜಿ ತಲೆ ಒರೆಸಿಕೊಳ್ಳುತ್ತಾ, “ಎಷ್ಟೊತ್ತಂದ್ ಹಿಡ್ಕಂಬುದ್? ಕೈ ಬಿಟ್ಟೆ” ಎಂದಳು.

ವರದಿಯಲ್ಲಿ ಮಳೆಯ ಎದುರು, ಒಡತಿಯ ಹತೋಟಿಯಲ್ಲಿತ್ತು ಎಂದು ಬರೆದೆ. ಯಾರೂ ಆಕ್ಷೇಪಿಸಲಿಲ್ಲ. ಆ ಮಳೆಗಾಲದಲ್ಲಿ ಅಡವಿಟ್ಟ ಓಲೆಗಳು ಕಿವಿಗೆ ಮರಳಿದವು.

ನಾವುಂದ ಬಂತು, ಇಳಿಯೋಣ. ನಾನು ಇವತ್ತು ಹೊರಟದ್ದೇಕೆಂದು ಹೇಳಲಿಲ್ಲ. ಯೋಜನೆ ಮುಗಿದಿದೆ, ಲಾರ್ಸಣ್ಣ ನಿವೃತ್ತರಾಗಿದ್ದಾರೆ, ತಮ್ಮದೇ ಖರ್ಚಿನಲ್ಲಿ ಬಂದು ಜಲಜಕ್ಕನ ಜಗಲಿಯಲ್ಲಿ ಕುಳಿತಿದ್ದಾರೆ. ನಾನು ಜಗಲಿ ಹತ್ತುವಾಗ ಅವರ ಮುಂದೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಸಿಗಡಿ ಚಟ್ನಿ. ಉಣ್ಣುತ್ತಾ ಅವರು ನನ್ನ ಕಡೆ ತಿರುಗಿ, ಬಹಳ ದಿನದಿಂದ ಹೇಳಬೇಕೆಂದಿದ್ದೆ, ಆಗ ನಾನು ಹಸಿದಿರಲಿಲ್ಲ, ನಮ್ಮಲ್ಲಿ ಬೆಳಗಾಗಿತ್ತು ಅಷ್ಟೇ, ಇವರನ್ನು ಸುಮ್ಮನೆ ಚಿಂತೆಗೆ ಹಚ್ಚಿದೆ ಎಂದರು. ನಾನು ಅದನ್ನು ಆದಷ್ಟು ಮೆತ್ತಗೆ ಜಲಜಕ್ಕನಿಗೆ ದಾಟಿಸಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಅದ್ ನಂಗ್ ಗೊತ್ತಿಲ್ದಾ ಟೀಚರೆ? ನನ್ ಮಗ ಇಷ್ಟ್ ವರ್ಷ ದುಬೈಯಂಗಿಲ್ದಾ? ಅಲ್ಲಿಂದ್ ಇಲ್ಲಿಂದ್ ಗಂಟಿ ಲೆಕ್ಕ ನಂಗೆ ಹೊಸ್ತಾ? ಉಂಡಾಯ್ತಾ ಅಂದ್ ಕೇಣ್ದೆ ಸೀದಾ ದುಡ್ಡ್ ಕೇಂಬುಕಾತ್ತಾ?”

ಲಿಂಬೆಹಣ್ಣು ಹಿಡಿದು ಭೂಮಿ ತಿರುಗಿಸಿದ್ದ ನನ್ನ ಕೈಯನ್ನು ನಾನು ಸೆರಗಿನೊಳಗೆ ಎಳೆದುಕೊಂಡೆ.

ಏನಂದರು ಎಂದು ಲಾರ್ಸಣ್ಣ ಕೇಳಿದರು. ಇಷ್ಟು ಕಾಲ ಒಂದು ಪದವನ್ನೂ ಬಿಡದೆ ಅನುವಾದಿಸಿದವಳು ನಾನು.

“ಇನ್ನೊಂದು ಸ್ವಲ್ಪ ಅನ್ನ ಹಾಕಲೇ ಅಂತ ಕೇಳುತ್ತಿದ್ದಾಳೆ” ಎಂದೆ.

ಅವರು ಬಟ್ಟಲನ್ನು ಮುಂದೆ ಸರಿಸಿದರು.