ರೂಮಿನ ಜಾಗದಲ್ಲಿ ತೊಟ್ಟಿ

ಮೊನ್ನೆ ಮನೆಗೆ ಬಂದಿದ್ದ ನಿಮ್ಮ ಸ್ಕೂಲಿನ ಹುಡುಗಿ, "ನಿಮ್ಮಜ್ಜಿಗೆ ರೂಮಿಲ್ವಾ?" ಎಂದು ಕೇಳಿದಳು. ನೀವಿಬ್ಬರೂ ನನ್ನ ಮುಖ ನೋಡಿದಿರಿ. ನಾನು ಸೊಪ್ಪು ಬಿಡಿಸುತ್ತಲೇ ಇದ್ದೆ. ಬಾಯಲ್ಲಿ ಹೇಳುವುದು ನನಗೆ ಮೊದಲಿಂದಲೂ ಕಷ್ಟ. ಬರೆಯುವುದಾದರೆ ಪರವಾಗಿಲ್ಲ, ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ.

ಉಪ್ಪಾರಹಳ್ಳಿಯ ಈ ಮನೆ ಕಟ್ಟಿಸುವಾಗ ನೀವು ತೀರಾ ಚಿಕ್ಕವರು. ಪ್ಲಾನು ಬರೆದದ್ದು ಒಬ್ಬ ಇಂಜಿನಿಯರ್ ಹುಡುಗಿ. ಪಾಯ ತೆಗೆದ ಮಣ್ಣಿನಲ್ಲೇ ಇಟ್ಟಿಗೆ ಒತ್ತಿಸೋಣ, ಸುಡುವುದು ಬೇಡ ಎಂದಳು. ಪಾತ್ರೆ ತೊಳೆದ ನೀರು ಹಿಂದಿನ ಬಾಳೆಗೆ, ತಾರಸಿಯ ಮಳೆನೀರು ನೆಲದಡಿಯ ಟ್ಯಾಂಕಿಗೆ. ಮನೆಯ ನಡುವೆ ಆಕಾಶ ಕಾಣುವಂತೆ ತೊಟ್ಟಿ. ಬಿಸಿಗಾಳಿ ಅಲ್ಲಿಂದ ಮೇಲೆ ಹೋದರೆ ಫ್ಯಾನು ಅಷ್ಟಾಗಿ ಬೇಕಾಗುವುದಿಲ್ಲವಂತೆ. ಅವಳು ಹೇಳುತ್ತಿದ್ದಂತೆ ಗುಬ್ಬಿ ಹತ್ತಿರದ ನನ್ನ ತವರುಮನೆ ಕಣ್ಮುಂದೆ ಬಂತು. ಅವ್ವ ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ನನಗೆ ತಲೆ ಬಾಚುತ್ತಿದ್ದಳು. ಮಳೆ ಬಂದರೆ ಸೂರಿನ ಕೆಳಗೆ ಹಂಡೆ ಎಳೆದಿಡುತ್ತಿದ್ದೆವು. ಒಳಗೇ ಇದ್ದರೂ ಹೊರಗಿದ್ದಂತಿರುತ್ತಿತ್ತು.

ಆದರೆ ಸೈಟು ಮೂವತ್ತು-ನಲವತ್ತು. ತೊಟ್ಟಿ ಇಟ್ಟರೆ ನನಗೆ ರೂಮಿಲ್ಲ ಎಂಬುದನ್ನು ನಿಮ್ಮಮ್ಮ ಪ್ಲಾನು ನೋಡಿದ ಕೂಡಲೇ ಕಂಡುಹಿಡಿದಳು.

"ತೊಟ್ಟಿ ಬೇಡ. ಅಲ್ಲಿ ಅವ್ವಂಗೊಂದು ರೂಮಾಗ್ಲಿ. ಬಾಗ್ಲು ಹಾಕ್ಕೊಂಡು ನೆಮ್ಮದಿಯಾಗಿ ಮಲಗ್ಲಿ," ಎಂದಳು.

"ನಡುಮಧ್ಯ ಬರುತ್ತೆ, ಕಿಟಕಿ ಸಿಗಲ್ಲ. ಪರವಾಗಿಲ್ವಾ ಅಜ್ಜಿ?" ಎಂದು ಇಂಜಿನಿಯರ್ ನನ್ನನ್ನು ಕೇಳಿದಳು.

ನಾನು ಹೂಂ ಎಂದೆ. ಯಾರು ಏನು ಕೇಳಿದರೂ ಹೂಂ ಎನ್ನುವುದೇ ನನಗೆ ಅಭ್ಯಾಸ. ಅವಳು ತೊಟ್ಟಿ ಅಳಿಸಿ ರೂಮು ಬರೆದಳು.

ಆ ರೂಮಿನಲ್ಲಿರಲು ಯಾಕೆ ನನ್ನಿಂದ ಆಗುತ್ತಿರಲಿಲ್ಲ ಎಂಬುದನ್ನು ಈಗ ಬರೆಯಬೇಕು. ಹುಲಿಯೂರುದುರ್ಗದ ಕಡೆಯ ನನ್ನ ಗಂಡನ ಮನೆಯಲ್ಲಿ ರಾಗಿ ಮೂಟೆ ಇಡುವ ಕಿಟಕಿಯಿಲ್ಲದ ಕೋಣೆಯೊಂದಿತ್ತು. ಗಂಡ ಹೋದವಳನ್ನು ಮೂಲೆಗೆ ಕೂರಿಸುವುದು ಆ ಮನೆಯ ಪದ್ಧತಿ. ನಿಮ್ಮ ತಾತ ಹೋದಾಗ, ತಿಥಿ ಮುಗಿಯುವವರೆಗೆ ನಾನು ಆ ಕೋಣೆಯ ಹೊಸಿಲು ದಾಟುವಂತಿರಲಿಲ್ಲ. ಬಾಗಿಲು ಮುಂದಕ್ಕೆ ಎಳೆದಿರುತ್ತಿತ್ತು. ಬೆಳಗೋ ಸಂಜೆಯೋ ಎಂಬುದನ್ನು ಹೊರಗಿನ ದನಿಗಳಿಂದ ಊಹಿಸುತ್ತಿದ್ದೆ. ಯಾರೂ ಕೆಟ್ಟವರಲ್ಲ; ಅವರ ಮನೆಯ ಎಲ್ಲ ಹೆಂಗಸರೂ ಹಾಗೆ ಕೂತವರೇ. ಬಾಗಿಲಾಚೆ ನಿಮ್ಮಮ್ಮ ಅಳುವುದು ಕೇಳುತ್ತಿತ್ತು. ಅವಳಿಗಾಗ ನಾಲ್ಕು ವರ್ಷ, ಅದೊಂದೂ ನೆನಪಿಲ್ಲ. ಅಂದಿನಿಂದ ಬಾಗಿಲು ಹಾಕಿದ ಕೋಣೆಯಲ್ಲಿ ನನಗೆ ಉಸಿರು ಕಟ್ಟುತ್ತದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಸೈಟಿನಲ್ಲಿ ಮಾರ್ಕಿಂಗ್ ಮಾಡುವ ದಿನ ಮೇಸ್ತ್ರಿ ದಾರ ಕಟ್ಟಿ, ಗೋಡೆ ಬರುವ ಕಡೆಯೆಲ್ಲ ಸುಣ್ಣದ ಪುಡಿಯ ಗೆರೆ ಎಳೆಯುತ್ತಿದ್ದ. ನಿಮ್ಮಮ್ಮ ಪೂಜೆಗೆ ಹೂವು ತರಲು ಹೋಗಿದ್ದಳು. ಅಳಿಯನ ಜೊತೆ ಅತ್ತೆ ನೇರವಾಗಿ ಮಾತಾಡುವ ರೂಢಿ ನಮ್ಮ ಕಡೆ ಇಲ್ಲ. ಹಾಗಾಗಿ ಅಲ್ಲಿಯವರೆಗೆ ನಿಮ್ಮಪ್ಪನಿಗೆ ನಾನು ಹೇಳಿದ್ದೆಲ್ಲ ನಿಮ್ಮಮ್ಮನ ಮೂಲಕವೇ. ಮೇಸ್ತ್ರಿ ನನ್ನ ರೂಮಿನ ಗೆರೆಗೆ ಕೈ ಹಾಕಿದಾಗ ಅವನ ಪಕ್ಕಕ್ಕೆ ಹೋಗಿ ನಿಂತೆ.

"ಮೇಸ್ತ್ರಿ, ಅವ್ರಿಗೆ ಹೇಳಪ್ಪ, ನಂಗೆ ರೂಮು ಬ್ಯಾಡ ಅಂತ."

ನಿಮ್ಮಪ್ಪ ನಾಲ್ಕು ಹೆಜ್ಜೆ ಆಚೆಗೇ ನಿಂತಿದ್ದರು. ಮೇಸ್ತ್ರಿ ಇಬ್ಬರನ್ನೂ ನೋಡಿದ.

"ಸಾರ್, ಅಜ್ಜಿ ರೂಮು ಬ್ಯಾಡ ಅಂತಾವ್ರೆ."

"ಕೇಳಿಸ್ತು ಕಣಯ್ಯ. ಯಾಕಂತೆ, ಕೇಳು."

"ಯಾಕಜ್ಜಿ?"

"ಆ ಹುಡುಗಿ ಮೊದ್ಲು ತೊಟ್ಟಿ ಬರೆದಿದ್ಲಲ್ಲ, ಅದೇ ಇರ್ಲಿ. ಪಕ್ಕದಲ್ಲಿ ಪಡಸಾಲೆ ಬುಟ್ರೆ ನಂಗೊಂದು ಮಂಚ ಸಾಕು."

"ಸಾರ್, ತೊಟ್ಟಿ..."

"ಅದೂ ಕೇಳಿಸ್ತು. ಮಳೆ ಎರಚಲು ಹೊಡೆಯುತ್ತೆ ಅಂತ ಹೇಳು."

"ನೆಂದಿದ್ದು ಒಣಗ್ತದೆ ಅನ್ನಪ್ಪ."

ಮೇಸ್ತ್ರಿ ಸುಣ್ಣದ ಬಾಂಡ್ಲಿ ಕೆಳಗಿಟ್ಟ. "ನೀವಿಬ್ರೇ ಮಾತಾಡ್ಕಳಿ. ನಾನು ಗೋಡೆ ಕಟ್ಟಕ್ಕೆ ಬಂದೋನು," ಎಂದು ಬೀಡಿ ಹುಡುಕುತ್ತಾ ರಸ್ತೆಗೆ ಹೋದ.

ನಾವಿಬ್ಬರೇ ಉಳಿದೆವು. ನಾನು ನೆಲ ನೋಡಿಕೊಂಡು, "ಮುಚ್ಚಿದ ಕೋಣೇಲಿ ನಂಗಾಗಲ್ಲ," ಎಂದೆ. ನಿಮ್ಮಪ್ಪ ಯಾಕೆ ಎಂದು ಕೇಳಲಿಲ್ಲ.

"ಆಯ್ತು ಅತ್ತೆ. ತೊಟ್ಟಿ ನಂಗೇ ಬೇಕು ಅಂತ ಅವಳಿಗೆ ಹೇಳ್ತೀನಿ. ನಿಮ್ಮ ಹೆಸ್ರು ಎತ್ತಲ್ಲ."

ನಿಮ್ಮಮ್ಮ ಎರಡು ದಿನ ಅವರ ಜೊತೆ ಮಾತು ಬಿಟ್ಟಳು. ಮಗಳು ತಾಯಿಯನ್ನು ಪಡಸಾಲೆಯಲ್ಲಿ ಮಲಗಿಸಿದ್ದಾಳೆ ಎಂದು ನೆಂಟರು ಆಡಿಕೊಳ್ಳುತ್ತಾರೆ ಎಂಬುದು ಅವಳ ಸಂಕಟ.

ಮನೆಯಾಯಿತು. ಬೇಸಿಗೆಯಲ್ಲಿ ನೀವು ತೊಟ್ಟಿಯಲ್ಲೇ ಆಡುತ್ತೀರಿ, ಗುಬ್ಬಚ್ಚಿಗಳು ಬಂದು ನೀರು ಕುಡಿದು ಹೋಗುತ್ತವೆ, ನಾನು ಮಂಚದಲ್ಲಿ ಮಲಗಿದ್ದಲ್ಲಿಂದಲೇ ಮೋಡ ನೋಡುತ್ತೇನೆ. ನನಗೆ ಇದಕ್ಕಿಂತ ಒಳ್ಳೆಯ ಜಾಗ ಈ ಮನೆಯಲ್ಲಿಲ್ಲ. ಆದರೆ ಮಳೆಗಾಲದಲ್ಲಿ ನನ್ನ ಹೊದಿಕೆಯ ಅಂಚು ನೆಂದಾಗಲೆಲ್ಲ ನಿಮ್ಮಮ್ಮ, "ನಿಮ್ಮ ತೊಟ್ಟಿ ಆಸೆಗೆ ನಮ್ಮವ್ವನ ರೂಮು ನುಂಗಿದ್ರಿ," ಎಂದು ನಿಮ್ಮಪ್ಪನನ್ನು ಅನ್ನುತ್ತಾಳೆ. ಅವರು, "ಹೂಂ ಕಣೇ, ನುಂಗಿದೆ," ಎಂದು ನೆಲ ಒರೆಸಲು ಬಟ್ಟೆ ತರುತ್ತಾರೆ. ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಕಡೆ ಕೈ ತೋರಿಸಿಲ್ಲ. ಅವರು ಬೈಸಿಕೊಳ್ಳುವುದನ್ನು ಕೇಳಿಸಿಕೊಂಡು ನಾನು ಬಾಯಿಬಿಡದೆ ಕೂತಿದ್ದೆ. ಅದು ನನ್ನ ತಪ್ಪು.

ಈ ಹಾಳೆಗಳನ್ನು ಓದಿದ ಮೇಲೆ ನಿಮ್ಮಮ್ಮನ ಕೈಗೆ ಕೊಡಿ. ಅವಳು ಓದುವಾಗ ನಾನು ಹಿತ್ತಲಲ್ಲಿರುತ್ತೇನೆ. ಓದಿ ಮುಗಿಸಿದ ಮೇಲೆ ಬೇಕಾದರೆ ಅವಳೇ ಬರಲಿ.